ಬುತ್ತಿ ಎಂಬ ಫೈಲು

ಮಗಳು ಶ್ವೇತಾಳ ಬೆನ್ನ ಹಿಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಅವಳು ತಪ್ಪು ಜಾಗದಲ್ಲಿ ಹುಡುಕುತ್ತಿರುವುದನ್ನು ನೋಡುತ್ತ, ಪ್ರಭುಲಿಂಗಪ್ಪ ಸುಮ್ಮನಿದ್ದ. ಪರದೆಯ ಮೇಲೆ ಕೆಂಪು ಸಾಲುಗಳು ಮೇಲಿಂದ ಕೆಳಗೆ ಉದುರಿ ನಿಂತಿದ್ದವು. ಅವುಗಳ ನಡುವಿನ ಒಂದು ಸಾಲನ್ನು ಅವನು ಒಳಗೆ ಬಂದು ಕನ್ನಡಕ ಏರಿಸಿದ ಕೂಡಲೇ ಓದಿದ್ದ. ಇಂಥ ಹೆಸರಿನ ಮೆಥಡ್, ಎಂದರೆ ಪ್ರೋಗ್ರಾಮು ಕರೆದು ಕೆಲಸ ಮಾಡಿಸಿಕೊಳ್ಳುವ ತುಂಡು, ಇಲ್ಲ ಎನ್ನುತ್ತಿತ್ತು ಅದು. ಮೆಥಡ್ ಇದೆ. ಶ್ವೇತಾ ಹೊಸದಾಗಿ ಹಾಕಿದ ಲೈಬ್ರರಿಯಲ್ಲಿ, ಇಂಥ ಸಿದ್ಧ ತುಂಡುಗಳ ಕಟ್ಟಿನಲ್ಲಿ, ಅದು ಇದ್ದೇ ಇದೆ. ಆದರೆ ಸರ್ವರ್ ಆ ಹೊಸದರ ತನಕ ಹೋಗುವ ಮೊದಲೇ ಅದೇ ಹೆಸರಿನ ಹಳೆಯದೊಂದನ್ನು ಎಲ್ಲೋ ಕಂಡು, ಇದೇ ಅದು ಎಂದು ಹಿಡಿದುಕೊಂಡು ಕೂತಿದೆ. ಹಳೆಯದು ಎಲ್ಲಿದೆ ಎಂಬುದು ಅವನಿಗೆ ಗೊತ್ತಿತ್ತು. ಇಟ್ಟವನು ಅವನೇ. ಹೇಳಬೇಕೆಂದು ಬಾಯಿ ತೆರೆದ. ಅಷ್ಟರಲ್ಲಿ ಅಂಗಳದಲ್ಲಿ ಯಾರೋ ಮೆಣಸಿನಕಾಯಿ ಚೀಲ ಎಸೆದರು, ಘಾಟು ಕಿಟಕಿಯಿಂದ ಒಳಗೆ ನುಗ್ಗಿತು, ಸೀನು ಬಂತು. ಸೀನಿದ ಮೇಲೆ ಹೇಳುವ ಗಳಿಗೆ ದಾಟಿಹೋಗಿತ್ತು.

“ಬ್ಯಾಡಗಿ ನೀರು ಇಷ್ಟ ವರ್ಷ ಕುಡದೂ ನಿಮಗ ಇನ್ನೂ ಸೀನ ಬರ್ತಾವಲ್ರಿ ಪ್ರಭಣ್ಣಾರ,” ಎಂದ ಮಲ್ಲಿಕಸಾಬ. ಅವನು ಈ ಕೋಲ್ಡ್ ಸ್ಟೋರೇಜಿನ ಮ್ಯಾನೇಜರು. ಮೊದಲಿನ ದಿನಗಳಿಂದಲೂ ಇಲ್ಲೇ ಇದ್ದವನು, ಎಂಥ ಘಾಟಿಗೂ ಮೂಗು ಒರೆಸದವನು. “ತಂಗೀ ಶ್ವೇತವ್ವಾ, ಏನಾತು? ಹೊರಗ ಮಂದಿ ನಿಂತೈತಿ. ಪಾಸ್ ಇಲ್ದ ಒಂದ ಚೀಲ ಸುದ್ದಾ ಗೇಟ್ ದಾಟಸಾಕ ಬರಂಗಿಲ್ಲ. ಇವತ್ತ ಟೆಂಡರ್ ಬ್ಯಾರೆ.”

“ನನ್ನ ಲ್ಯಾಪ್‌ಟಾಪಿನಾಗ ಓಡ್ತೈತ್ರಿ ಕಾಕಾ. ಇಲ್ಲೆ ಓಡವಲ್ದು.”

“ಹಂಗಾರ ಆ ಲ್ಯಾಪ್‌ಟಾಪ್ ಇಲ್ಲೇ ಬಿಟ್ಟ ಹೋಗವಾ. ಮುಗೀತಲ್ಲ!”

ಶ್ವೇತಾ ನಕ್ಕಳು. ಆ ನಗು ಕುತ್ತಿಗೆಯವರೆಗೂ ಬರಲಿಲ್ಲ. ಹಿಂದೆ ಕೂತವನಿಗೆ ಅದು ಕಂಡಿತು. ಮಕ್ಕಳ ಮುಖಕ್ಕಿಂತ ಅವರ ಕುತ್ತಿಗೆಯನ್ನೇ ಹೆಚ್ಚು ನೋಡಿರುತ್ತೇವೆ ಎಂದು ಅವನಿಗೆ ಅನ್ನಿಸಿತು. ಸೈಕಲ್ಲಿನ ಮುಂದೆ ಕೂರಿಸಿಕೊಂಡಾಗ, ತಲೆ ಬಾಚುವಾಗ, ಅಭ್ಯಾಸಕ್ಕೆ ಕೂತವಳ ಹಿಂದೆ ಸದ್ದಿಲ್ಲದೆ ಬಂದು ನಿಂತಾಗ. ಈಗ ಆ ಕುತ್ತಿಗೆಯ ಮೇಲೆ ಕೂದಲು ಗಡಿಬಿಡಿಯಲ್ಲಿ ಕಟ್ಟಿದಂತಿತ್ತು, ರವಿಕೆಯ ಅಂಚಿನಲ್ಲಿ ಮಗುವಿಗೆ ಉಣಿಸಿದ ರಾಗಿ ಒಣಗಿ ಅಂಟಿತ್ತು. ಅಳಿಯ ಕುಮಾರಪಟ್ಟಣದ ಕಾರ್ಖಾನೆಗೆ ಮೊದಲ ಪಾಳಿಗೆ ಹೋಗಿದ್ದ, ಮಗುವನ್ನು ತನ್ನ ತಾಯಿ ಶ್ರೀದೇವಿಯ ಮಡಿಲಿಗೆ ಹಾಕಿ ರಾಣೆಬೆನ್ನೂರಿನಿಂದ ಹೊರಡುವಾಗ ಶ್ವೇತಾ, “ಅಪ್ಪಾಜಿ, ನೀವ್ ಬಂದ್ರ ಛಲೋ ಆಕ್ಕಿತ್ರಿ,” ಎಂದಿದ್ದಳು. ಕಾರು ನಡೆಸಲಿಕ್ಕೋ, ಜೊತೆಗೋ, ಕೆಲಸಕ್ಕೋ ಎಂದು ಅವನು ಕೇಳಿರಲಿಲ್ಲ. ಇಸ್ತ್ರಿ ಅಂಗಿ ಹಾಕಿಕೊಂಡಿದ್ದ. ಮೋಟೆಬೆನ್ನೂರಿನಲ್ಲಿ ಹೆದ್ದಾರಿ ಬಿಟ್ಟು ಒಳಗೆ ತಿರುಗುವಾಗ ತಾನು ಮತ್ತೆ ಕೆಲಸಕ್ಕೆ ಹೊರಟ ಮನುಷ್ಯನಂತೆ ಹಾರ್ನ್ ಬಾರಿಸಿದ್ದ, ಎದುರಿಗೆ ಯಾರೂ ಇರಲಿಲ್ಲ.

ಈ ಸ್ಟೋರೇಜಿನ ಪ್ರೋಗ್ರಾಮನ್ನು ಈಗ ನೋಡಿಕೊಳ್ಳುವವಳು ಶ್ವೇತಾ, ಮೊದಲು ಬರೆದವನು ಅವನು. ಆಗ ಅವನ ಆಫೀಸು ಹಾವೇರಿಯಲ್ಲಿ, ಬಸ್‌ಸ್ಟ್ಯಾಂಡಿನ ಎದುರಿಗಿನ ಮಹಡಿಯ ಮೇಲೆ ಇತ್ತು. ಇಲ್ಲಿ ಇಂಟರ್ನೆಟ್ಟು ಎಂಬುದೇ ಇರಲಿಲ್ಲ. ಸಿ.ಡಿ.ಯನ್ನು ಕರವಸ್ತ್ರದಲ್ಲಿ ಸುತ್ತಿ ಅಂಗಿಯೊಳಗೆ ಇಟ್ಟುಕೊಂಡು ಬಸ್ಸು ಹತ್ತುತ್ತಿದ್ದ. ಒಂದು ಸಲ ಇಲ್ಲಿಗೆ ಬಂದು ಮುಟ್ಟಿ, ಎಲ್ಲ ಕೂಡಿಸಿ, ಕಡೆಗೆ ಒಂದು ಫೈಲು ಹಾವೇರಿಯಲ್ಲೇ ಉಳಿದದ್ದು ಗೊತ್ತಾಗಿ, ಆಗಿನ ಮಾಲಿಕರ ಎದುರು ತಲೆ ತಗ್ಗಿಸಿ ಮರಳಿದ್ದ. ಬಸ್ಸಿನ ಕಿಟಕಿಗೆ ತಲೆ ಆನಿಸಿದಾಗ ನೆನಪಾದದ್ದು ಅವನ ಅವ್ವ. ಅವ್ವ ಬುತ್ತಿ ಕಟ್ಟಿದರೆ ರೊಟ್ಟಿ, ಶೇಂಗಾ ಚಟ್ನಿ, ಉಳ್ಳಾಗಡ್ಡಿ ಅಷ್ಟೇ ಅಲ್ಲ, ಒಂದು ಚಿಟಿಕೆ ಉಪ್ಪನ್ನೂ ಚೂರು ಬಟ್ಟೆಯಲ್ಲಿ ಗಂಟು ಹಾಕಿ ಒಳಗಿಡುತ್ತಿದ್ದಳು. ದಾರಿಯಲ್ಲಿ ಉಪ್ಪಿಗಾಗಿಯೂ ಯಾರ ಮುಂದೆಯೂ ಕೈ ಒಡ್ಡಬಾರದು. ಮರುದಿನವೇ ಅವನು ತನ್ನ ಪ್ರೋಗ್ರಾಮಿನ ತುಂಡುಗಳನ್ನೂ, ಅವಕ್ಕೆ ಬೇಕಾದ ಪರರ ಲೈಬ್ರರಿಗಳನ್ನೂ ಬಿಚ್ಚಿ, ಒಂದರಲ್ಲೊಂದು ಬೆರೆಸಿ, ಒಂದೇ ಜಾರ್ ಫೈಲಾಗಿ ಕಟ್ಟಿದ. ಅದಕ್ಕೆ ಬುತ್ತಿ ಎಂದೇ ಹೆಸರಿಟ್ಟ. ಪ್ರೋಗ್ರಾಮಿನಲ್ಲಿ ಹುಟ್ಟಿದ್ದನ್ನು ಡೇಟಾಬೇಸಿನಲ್ಲಿ ಉಳಿಸಿ, ಕೇಳಿದಾಗ ಮರಳಿ ತಂದುಕೊಡುವ ಲೈಬ್ರರಿಯೂ ಅದರೊಳಗೆ ಹೋಯಿತು, ಆಗಿನ ಕಾಲದ ಆವೃತ್ತಿ, ಅವನ ಮಾತಿನಲ್ಲಿ ವರ್ಷನ್ನು. ಪುಸ್ತಕಗಳಲ್ಲಿ ಹೀಗೆ ಮಾಡಬೇಡಿರೆಂದು ಬರೆದಿತ್ತು. ಪುಸ್ತಕ ಬರೆದವರು ಬ್ಯಾಡಗಿ ಬಸ್ಸು ಹತ್ತಿದವರಲ್ಲ ಎಂದು ಅವನು ನಕ್ಕಿದ್ದ. ಆಮೇಲೆ ಎಂದೂ ಅವನು ಬರಿಗೈಯಲ್ಲಿ ಮರಳಲಿಲ್ಲ.

ಈಗ ಆ ಬುತ್ತಿ ಇವಳ ಫೋಲ್ಡರಿನಲ್ಲಿ, ಇವಳ ಹೊಸ ಲೈಬ್ರರಿಯ ಪಕ್ಕದಲ್ಲೇ, ಬಾಯಿ ಮುಚ್ಚಿಕೊಂಡು ಕೂತಿದೆ.

ಶ್ವೇತಾ ಯಾವುದಕ್ಕೆ ಯಾವುದು ಬೇಕು ಎಂದು ತೋರಿಸುವ ಪಟ್ಟಿಯನ್ನು ಮತ್ತೊಮ್ಮೆ ತೆಗೆದಳು. ಕೊಂಬೆಯಿಂದ ಕೊಂಬೆಗೆ ಇಳಿಯುವ ಆ ಪಟ್ಟಿಯಲ್ಲಿ ಡೇಟಾಬೇಸಿನ ಲೈಬ್ರರಿ ಒಂದೇ ಕಡೆ, ಹೊಸ ವರ್ಷನ್ನಾಗಿಯೇ ಕಾಣುತ್ತಿತ್ತು. ಬುತ್ತಿಯ ಹೆಸರೂ ಇತ್ತು, ಆದರೆ ಗಂಟಿನ ಹೊರಗೆ ಬರೆದ ಹೆಸರಷ್ಟೇ. ಒಳಗೇನಿದೆ ಎಂದು ಆ ಪಟ್ಟಿ ಹೇಳುವುದಿಲ್ಲ. ಅವಳ ಲ್ಯಾಪ್‌ಟಾಪು ಫೋಲ್ಡರನ್ನು ಓದುವ ಕ್ರಮದಲ್ಲಿ ಹೊಸದು ಮೊದಲು ಸಿಗುತ್ತದೆ, ಇಲ್ಲಿನ ಸರ್ವರಿಗೆ ಬುತ್ತಿ ಮೊದಲು ಸಿಗುತ್ತದೆ. ಅಷ್ಟೇ ವ್ಯತ್ಯಾಸ. ಹಳೇ ವರ್ಷನ್ನಿಗೆ ಮರಳೋಣವೆಂದರೆ ನಿನ್ನೆಯೇ ಡೇಟಾಬೇಸಿನ ಟೇಬಲುಗಳನ್ನೂ ಬದಲಿಸಿದ್ದಾಳೆ, ಹಳೆಯದು ಇನ್ನು ಅವನ್ನು ಓದಲಾರದು. ಇಷ್ಟೆಲ್ಲವೂ ಅವನಿಗೆ ತಿಳಿಯಾಗಿ ಕಾಣುತ್ತಿತ್ತು. ತನಗೆ ಇನ್ನೂ ತಿಳಿಯುತ್ತದೆ ಎಂಬ ಸಂತೋಷ ಮೊದಲು ಬಂತು, ನಾಚಿಕೆ ಅದರ ಬೆನ್ನಿಗೇ ಬಂತು. ಹೇಳಿದರೆ ಬುತ್ತಿ ಹೋಗುತ್ತದೆ. ಹಾವೇರಿಯ ಆಫೀಸು ಮುಚ್ಚಿದೆ, ಅಲ್ಲಿ ಬರೆದ ಬೇರೆ ಪ್ರೋಗ್ರಾಮುಗಳೆಲ್ಲ ಆಯಾ ಅಂಗಡಿಗಳ ಹಳೇ ಪೆಟ್ಟಿಗೆಗಳ ಜೊತೆ ಗುಜರಿಗೆ ಹೋಗಿವೆ. ಎಲ್ಲಾದರೂ ಓಡುತ್ತಿರುವುದು ಇದೊಂದೇ. ಮನೆಯಲ್ಲಿ ಇವಳು ಫೋನಿನಲ್ಲಿ ಯಾರಿಗೋ “ಅದರ ಬುಡಕ್ಕ ನಮ್ಮ ಅಪ್ಪಾಜಿದೊಂದು ಐತ್ರಿ,” ಎಂದದ್ದು ಒಳಕೋಣೆಗೆ ಕೇಳಿಸಿದ ದಿನ ಅವನು ಖುಷಿಯಲ್ಲಿ ಎರಡನೇ ಸಲ ಚಹಾ ಕೇಳಿ ಹೆಂಡತಿಯಿಂದ ಬೈಸಿಕೊಂಡಿದ್ದ.

“ಯಾಕ್ರಿ ಪ್ರಭಣ್ಣಾರ, ನೀವ ಹುಟ್ಟಿಸಿದ್ದಲ್ರಿ ಇದು? ಒಂದ ಕೈ ನೋಡಬಾರ್ದನು?” ಎಂದ ಮಲ್ಲಿಕಸಾಬ.

“ಈಗಿಂದೆಲ್ಲಾ ಬ್ಯಾರೆ ಐತಪಾ,” ಎಂದ ಪ್ರಭುಲಿಂಗಪ್ಪ.

“ಅಪ್ಪಾಜಿದು ಗಟ್ಟಿ ಐತ್ರಿ ಕಾಕಾ,” ಎಂದಳು ಶ್ವೇತಾ ತಿರುಗದೆಯೇ. “ಅದರಾಗ ಏನೂ ಆಗಿಲ್ಲ. ಕೆಟ್ಟಿದ್ದು ನಂದ್ರಾಗ.”

ಬಾಗಿಲಲ್ಲಿ ಹಲಗೇರಿಯ ನೀಲಗಂಗವ್ವ ಬಂದು ನಿಂತಳು. ತನ್ನ ಹೊಲದ ಮೆಣಸಿನಕಾಯಿ ಚೀಲಗಳನ್ನು ಮೊದಲೇ ಇಲ್ಲಿ ಇಟ್ಟು, ಅವನ್ನು ಇವತ್ತಿನ ಮಾರುಕಟ್ಟೆಯ ಟೆಂಡರಿಗೆ ಒಯ್ಯಬೇಕೆಂದು ಮುಂಜಾನೆಯೇ ಟಂಟಂ ಗಾಡಿ ಮಾಡಿಕೊಂಡು ಬಂದವಳು. “ಏನ್ರೆವ್ವಾ, ಕಂಪೂಟರ್ ಎದ್ದೈತೋ ಇಲ್ಲೋ? ಒಳಗಿನ ಥಂಡಿಗೆ ನನ್ನ ಮೆಣಸಿನಕಾಯಿಗೆ ನೆಗಡಿ ಬಂದೀತು.”

“ಬರ್ತೈತಿ ಯವ್ವಾ, ಕುಂದ್ರು,” ಎಂದ ಮಲ್ಲಿಕಸಾಬ.

“ಕುಂತ ಕುಂತ ನನ್ನ ಕಾಲ ಹಿಡದಾವು. ಚೀಲ ನಂದು, ಒಳಗ ಐತಿ, ನಾ ಹೊರಗ ಅದೇನಿ. ನಡಬರಕ ಒಂದ ಪೆಟಗಿ ಮಲಗೈತಿ ಅಂತ ನಾವೆಲ್ಲಾ ನಿಂದ್ರೂದೇನು?” ಅವಳು ಒಳಗೆ ಇಣುಕಿ ಶ್ವೇತಾಳನ್ನು ನೋಡಿದಳು. “ಈ ಹುಡುಗಿ ನಾಷ್ಟಾರ ಮಾಡೈತೇನ? ಮಾರಿ ನೋಡಿದ್ರ ಮಾಡಿಲ್ಲ.”

ಮಾಡಿರಲಿಲ್ಲ. ಕಾರಿನಲ್ಲಿ ಇಟ್ಟುಕೊಂಡ ಉಪ್ಪಿಟ್ಟಿನ ಡಬ್ಬಿ ಕಾರಿನಲ್ಲೇ ಇತ್ತು. ತಂದುಕೊಡಬೇಕಾದವನು ಯಾರು? ಅವನು ಏಳಬೇಕೆಂದುಕೊಂಡ. ಆದರೆ ಎದ್ದು ಹೋಗಿ ಡಬ್ಬಿ ತಂದರೆ, ಅದನ್ನು ಅವಳ ಮುಂದಿಟ್ಟರೆ, ಅವಳು ಅಕ್ಕರೆಯಿಂದ ಒಂದು ಮಾತು ಆಡುತ್ತಾಳೆ. ಆ ಮಾತನ್ನು ಹೇಗೆ ಕೇಳಿಸಿಕೊಳ್ಳುವುದು? ಹಿಂದೊಮ್ಮೆ ಇದೇ ಕೋಣೆಯಲ್ಲಿ, ಸ್ಟೋರೇಜಿನ ಚಳಿ ಗೋಡೆಯಿಂದ ಬರುತ್ತಿದ್ದಾಗ, ಅವನ ಸ್ವೆಟರಿನಲ್ಲಿ ಮುಳುಗಿ ಕೂತ ಪುಟ್ಟ ಹುಡುಗಿ ಕೀಬೋರ್ಡಿನ ಮೇಲೆ ಕೈ ಇಟ್ಟು ಒಂದು ಫೈಲು ಅಳಿಸಿಬಿಟ್ಟಿತ್ತು. ಆಗ ಅವನು ಎಷ್ಟು ಜೋರಾಗಿ ಕೂಗಿದ್ದನೆಂದರೆ ಹಮಾಲರು ಬಂದು ನೋಡಿದ್ದರು. ಆ ಕೂಸು ಅಳಲಿಲ್ಲ, ಸ್ವೆಟರಿನ ತೋಳಿನೊಳಗೆ ಕೈಗಳನ್ನು ಎಳೆದುಕೊಂಡು ಕೂತಿತು. ಈಗಲೂ ಶ್ವೇತಾ ಯೋಚಿಸುವಾಗ ಹಾಗೆಯೇ ಕೈಗಳನ್ನು ಕೀಬೋರ್ಡಿನಿಂದ ಎತ್ತಿ ಸೆರಗಿನೊಳಗೆ ಅಡಗಿಸುತ್ತಾಳೆ. ಅದನ್ನು ಅವನು ಈ ಬೆಳಿಗ್ಗೆ ಎಷ್ಟೋ ಸಲ ನೋಡಿಯಾಗಿತ್ತು.

ಮಲ್ಲಿಕಸಾಬನಿಗೆ ಫೋನು ಬಂತು. ಅವನು ಎದ್ದು ನಿಂತು ಮಾತಾಡಿದ್ದರಿಂದ ಮಾಲಿಕರದು ಎಂದು ಗೊತ್ತಾಯಿತು. ಹೂಂ, ಹೂಂ ಎಂದವನು ಮುಖ ಸಣ್ಣದು ಮಾಡಿ ಫೋನನ್ನು ಶ್ವೇತಾಳಿಗೆ ಚಾಚಿದ. ಹುಬ್ಬಳ್ಳಿಯ ಯಾವುದೋ ಕಂಪನಿಯ ಹೆಸರು ಆಚೆಯಿಂದ ದೊಡ್ಡ ದನಿಯಲ್ಲಿ ಕೇಳಿಸಿತು. ಮಧ್ಯಾಹ್ನದೊಳಗೆ ಎದ್ದರೆ ಸರಿ, ಇಲ್ಲವಾದರೆ ಅವರೇ ಬಂದು ಎಲ್ಲ ಕಿತ್ತು ತಮ್ಮದು ಹಾಕುತ್ತಾರೆ. ಶ್ವೇತಾ ಎದ್ದು ನಿಂತಳು. ಫೋನಿನಲ್ಲಿ ಬೈಸಿಕೊಳ್ಳುವಾಗ ಎದ್ದು ನಿಲ್ಲುವುದು ಅವಳಿಗೆ ಯಾರಿಂದ ಬಂತೆಂದು ಪ್ರಭುಲಿಂಗಪ್ಪನಿಗೆ ಗೊತ್ತಿತ್ತು.

“ಹೌದ್ರಿ ಸರ್. ತಪ್ಪು ನಂದರಿ. ನಾ ಇಲ್ಲಿ ಟೆಸ್ಟ್ ಮಾಡಿ ಹಾಕಬೇಕಿತ್ತು... ಇಲ್ರಿ, ಅವರ ಕಾಲಕ್ಕ ಒಂದ ದಿವ್ಸಾನೂ ನಿಂತಿದ್ದಿಲ್ರಿ, ಖರೇ ಐತ್ರಿ... ನಂದ ತಪ್ಪರಿ.”

ಅವರ ಕಾಲಕ್ಕೆ. ಎಂದರೆ ಅವನ ಕಾಲಕ್ಕೆ. ಹೊಗಳಿಕೆ ಅದು; ಮಾಲಿಕರು ಅವನನ್ನು ಹೊಗಳಿ ಆ ಹೊಗಳಿಕೆಯಿಂದ ಇವಳನ್ನು ಹೊಡೆಯುತ್ತಿದ್ದಾರೆ, ಇವಳು ಹೊಡೆತವನ್ನೂ ಒಪ್ಪಿ ಹೊಗಳಿಕೆಯನ್ನೂ ಒಪ್ಪುತ್ತಿದ್ದಾಳೆ. ತಾನು ಇಷ್ಟು ಹೊತ್ತು ಸುಮ್ಮನಿದ್ದುದು ಬುತ್ತಿಗಾಗಿ ಎಂದುಕೊಂಡಿದ್ದ. ಅದೂ ಅಲ್ಲ. ಇವಳಿಗೆ ಸಿಗದೆ, ಕಡೆಗೆ ತಿರುಗಿ “ಅಪ್ಪಾಜಿ, ನೀವ ನೋಡ್ರಿ” ಎನ್ನಲಿ ಎಂದು ಕಾಯುತ್ತಿದ್ದನಲ್ಲವೇ? ಇಸ್ತ್ರಿ ಅಂಗಿ ಹಾಕಿಕೊಂಡು ಬಂದದ್ದು ಅದಕ್ಕಲ್ಲವೇ? ಹೆತ್ತವರ ಆಸೆಗಳಲ್ಲಿ ಇಷ್ಟು ಸಣ್ಣದೂ ಇರುತ್ತದೆ. ಮಗಳು ಸೋಲಲಿ ಎಂದಲ್ಲ, ಸೋಲುವ ತುದಿಗೆ ಬಂದು ನನ್ನನ್ನು ಕರೆಯಲಿ ಎಂದು.

ಅವಳು ಫೋನು ಮರಳಿ ಕೊಟ್ಟು ಕೂತಳು. ಕಣ್ಣು ಒರೆಸಿಕೊಂಡಳು, ಮೆಣಸಿನಕಾಯಿಯ ಊರಿನಲ್ಲಿ ಅದಕ್ಕೆ ಯಾರೂ ಕಾರಣ ಕೇಳುವುದಿಲ್ಲ.

“ಶ್ವೇತಾ,” ಎಂದ ಅವನು. “ಬುತ್ತಿ ಬಿಚ್ಚಿ ನೋಡು.”

“ಯಾಕ್ರಿ?”

“ಬಿಚ್ಚವಾ. ಅದರಾಗ ಐತಿ.”

ಅವಳು ತಿರುಗಿ ಅವನ ಮುಖ ನೋಡಿದಳು. ಆಮೇಲೆ ಬುತ್ತಿಯನ್ನು ತೆರೆದು ಒಳಗಿನ ಹೆಸರುಗಳನ್ನು ಸರಸರ ಇಳಿಸಿದಳು. ಅವನ ಹೆಸರಿನ ಮೊದಲಕ್ಷರಗಳ ಫೋಲ್ಡರುಗಳು, ಅವುಗಳ ಕೆಳಗೆ, ತನ್ನದಲ್ಲದ ಮನೆಯಲ್ಲಿ ಮನೆಯವರಂತೆ ಕೂತಿರುವ ಆ ಹಳೆಯ ಲೈಬ್ರರಿಯ ಹೆಸರುಗಳು, ಸಾಲಾಗಿ. ಅವಳ ಬೆರಳು ನಿಂತಿತು. ಅವಳು ಬೈಯಲಿ ಎಂದು ಅವನು ಕಾದ.

“ಎಲ್ಲಾನೂ ಕಟ್ಟೀರಲ್ರಿ ಇದ್ರಾಗ!” ಎಂದಳು. ದನಿಯಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಬೆರಗಿತ್ತು. “ಉಪ್ಪು ಸುದ್ದಾ.”

“ಆಗ ನೆಟ್ ಇದ್ದಿದ್ದಿಲ್ಲವಾ.”

“ಇರ್ಲಿ ಬಿಡ್ರಿ. ಹಳೇ ಲೈಬ್ರರಿ ಅಷ್ಟ ಒಳಗಿಂದ ತಗದು, ಮತ್ತ ಕಟ್ಟತೇನಿ. ಬುತ್ತಿ ಅಲ್ಲೇ ಇರ್ತೈತಿ.”

ಅವನಿಗೆ ತಟ್ಟನೆ ಹಗುರಾಯಿತು. ಇದು ತನಗೆ ಹೊಳೆದೇ ಇರಲಿಲ್ಲ. ಉಳಿಯುತ್ತದೆ. ಆ ಹಗುರದಲ್ಲಿ ಅವನು ಕುರ್ಚಿಯನ್ನು ಮುಂದಕ್ಕೆ ಎಳೆದು ಅವಳ ಪಕ್ಕಕ್ಕೆ ಬಂದ. “ಆದ್ರ ಹುಷಾರು ಮತ್ತ. ನನ್ನ ಒಣಗಿನ ಲೆಕ್ಕ ಐತಲ್ಲ, ಅದು ಆ ಹಳೇ ಲೈಬ್ರರಿ ಮ್ಯಾಲೇ ನಿಂತೈತಿ. ಹೊಸಾದಕ್ಕ ಹೊಂದತೈತೋ ಇಲ್ಲೋ. ಅದನ್ನೊಂದೀಟ ತಿದ್ದಬೇಕಾಕ್ಕೈತಿ. ನಾ ತಿದ್ದಿ ಕೊಡ್ತೇನಿ.”

ಒಣಗಿನ ಲೆಕ್ಕ ಎಂದರೆ, ಇಟ್ಟ ಚೀಲ ಇಷ್ಟು ಕಾಲಕ್ಕೆ ಇಷ್ಟು ತೂಕ ಕಳೆದುಕೊಳ್ಳುತ್ತದೆ ಎಂಬ ಅಂದಾಜು. ಮಲ್ಲಿಕಸಾಬನ ಜೊತೆ ಚೀಲದಿಂದ ಚೀಲಕ್ಕೆ ತೂಗಿ, ಮಳೆಗಾಲಕ್ಕೊಂದು ಬೇಸಿಗೆಗೊಂದು ಎಂದು ಅವನು ಕಟ್ಟಿದ ಸೂತ್ರ. ಬುತ್ತಿಯಲ್ಲಿ ಅವನದೇ ಎನ್ನಬಹುದಾದ ಒಂದೇ ತುತ್ತು.

ಶ್ವೇತಾಳ ಕೈಗಳು ಸೆರಗಿನೊಳಗೆ ಹೋದವು.

“ಏನವಾ?”

“ಅದನ್ನ ತಿದ್ದೂದ ಬ್ಯಾಡ್ರಿ ಅಪ್ಪಾಜಿ.”

“ಮತ್ತ? ತೂಕ ತಪ್ಪಿದ್ರ ರೈತರು ಸುಮ್ನ ಬಿಡ್ತಾರನು?”

“ಗೇಟಿನಾಗ ಎಲೆಕ್ಟ್ರಾನಿಕ್ ಕಾಟಾ ಕುಂದ್ರಿಸ್ಯಾರಲ್ರಿ. ಹೊರಗ ಹೋಗೂ ಮುಂದ ಅದ ತೂಗಿ ಕಂಪ್ಯೂಟರಿಗೆ ಕಳಸ್ತೈತಿ. ಅಂದಾಜು... ಬೇಕಾಗಂಗಿಲ್ರಿ.”

ಆ ಕಾಟಾದ ಪಕ್ಕದಲ್ಲೇ ಅವನು ಕಾರು ನಿಲ್ಲಿಸಿದ್ದ. ಕೂರಿಸಿ ಹಳತಾದ ತೂಕದ ಕಾಟಾ ಅದು, ಮೂಲೆಯ ಬಣ್ಣ ಹೋಗಿತ್ತು. ಅದರ ಮೇಲೆ ಕಾಲಿಟ್ಟು ತನ್ನ ತೂಕವನ್ನೂ ನೋಡಿಕೊಂಡು, ಮಲ್ಲಿಕಸಾಬನಿಂದ “ಚೀಲಾ ಆಗಿಲ್ಲ ಇನ್ನೂ” ಎಂದು ಹಾಸ್ಯ ಮಾಡಿಸಿಕೊಂಡು ಒಳಗೆ ಬಂದಿದ್ದ. ನೋಡಿದ್ದ, ನಿಂತಿದ್ದ, ಆದರೆ ಅದು ಯಾವುದರ ಜಾಗದಲ್ಲಿ ನಿಂತಿದೆ ಎಂದು ಯೋಚಿಸಿರಲಿಲ್ಲ.

“ಹಂಗಾರ ಬುತ್ತಿಯೊಳಗಿನ ಬ್ಯಾರೆ ಯಾವದನ್ನ ಕೆಲಸಕ್ಕ ಕರೀತಿ ನೀನು?”

ಅವಳು ಪರದೆಯನ್ನೇ ನೋಡುತ್ತಿದ್ದಳು.

“ಶ್ವೇತಾ.”

“ಯಾವದನ್ನೂ ಇಲ್ರಿ.”

“ಯಾವಾಗಿನಿಂದ?”

“ನಮ್ಮ ಕೂಸು ಹುಟ್ಟೂಕಿಂತ ಮೊದಲಿಂದ.”

ಹೊರಗೆ ನೀಲಗಂಗವ್ವ ಯಾರಿಗೋ ಜಾಗ ಬಿಡು ಎಂದು ಗದರುತ್ತಿದ್ದಳು. ಪ್ರಭುಲಿಂಗಪ್ಪನಿಗೆ ವಿಚಿತ್ರವೆನ್ನಿಸಿದ್ದು, ತನಗೆ ನೋವಾಗಬೇಕಾದ ಜಾಗವನ್ನು ಹುಡುಕುತ್ತಿದ್ದರೂ ಅದು ಸಿಗದಿದ್ದದ್ದು. ಆಗಿನಿಂದ ಇಲ್ಲಿಯವರೆಗೆ ಪ್ರತಿ ಹೊಸ ವರ್ಷನ್ನಿನ ಜೊತೆ ಇವಳು ಅದನ್ನು ಹೊತ್ತು ತಂದಿದ್ದಾಳೆ. ಯಾರೂ ಕರೆಯದ ಒಂದು ಫೈಲನ್ನು. ಭಾರ ಎಂದು ಗೊತ್ತಿದ್ದೂ. ಮನೆಯಲ್ಲಿ ಮುದುಕರಿಗೆ ಮಾತು ಕೇಳಿಸದಿದ್ದರೂ ಮದುವೆಯ ಮಾತುಕತೆಯಲ್ಲಿ ಮುಂದೆ ಕೂರಿಸುವುದಿಲ್ಲವೇ, ಹಾಗೆ. ಹಾಗೆ ಕೂತ ಮುದುಕ ಇವತ್ತು, ಯಾರೋ ಬೇರೆಯವರನ್ನು ಕರೆದರೆ ತಾನೇ ಎಂದು ಎದ್ದು ಉತ್ತರ ಕೊಟ್ಟಿದ್ದಾನೆ. ಅಷ್ಟೇ ನಡೆದದ್ದು. ಹೋಗಲಿ, ಇವಳು ಅಕ್ಕರೆ ಸ್ವಲ್ಪ ಕಡಿಮೆ ಮಾಡಿದ್ದರೆ ಈ ಬೆಳಗು ಹೀಗಾಗುತ್ತಿರಲಿಲ್ಲ. ಉಪ್ಪಿಟ್ಟು ಬಿಸಿಯಿರುವಾಗಲೇ ತಿಂದಿರುತ್ತಿದ್ದಳು.

“ತಗಿ,” ಎಂದ.

“ಒಳಗಿಂದ ಅಷ್ಟ ತಗೀತೇನ್ರಿ.”

“ಪೂರ್ತಿ ತಗಿಯವಾ. ಗಂಟ ಸಮೇತ.”

ಅವಳು ಬುತ್ತಿಯ ಮೇಲೆ ಬಾಣದ ಗುರುತನ್ನು ತಂದಿಟ್ಟಳು. ಒತ್ತಲಿಲ್ಲ. ಅವನು ಕೈ ಚಾಚಿ ಅವಳ ಬೆರಳಿನ ಮೇಲೆ ತನ್ನ ಬೆರಳಿಟ್ಟು ಒತ್ತಿದ. ಮತ್ತೊಮ್ಮೆ ಒತ್ತಿದ, ಖಂಡಿತವೇ ಎಂದು ಅದು ಕೇಳಿದ್ದಕ್ಕೆ.

ಸರ್ವರ್ ಮತ್ತೆ ಏಳತೊಡಗಿತು. ಸಾಲುಗಳು ಇಳಿದವು, ಈ ಸಲ ಬಿಳಿಯವು. ಅವನಿಗೆ ಎಲ್ಲ ಸರಿಯಾಗಲಿ ಎಂದು ಒಂದು ಮನಸ್ಸು, ಎಲ್ಲೋ ಒಂದು ಕಡೆ, ಸಣ್ಣದೊಂದು, ಕೊಕ್ಕೆ ಬೀಳಲಿ ಎಂದು ಇನ್ನೊಂದು. ಲಾಗಿನ್ ಪುಟ ತೆರೆದುಕೊಂಡಿತು. ಅವಳು ನೀಲಗಂಗವ್ವನ ಹೆಸರು ಹಾಕಿದಳು, ಚೀಲಗಳು ಯಾವ ಚೇಂಬರಿನಲ್ಲಿ, ಯಾವ ಸಾಲಿನಲ್ಲಿ ಎಂದು ಬಂತು. ಪಾಸು ಕನ್ನಡದಲ್ಲಿ ಅಚ್ಚಾಗಿ ಹೊರಬಂತು, ಅಕ್ಷರವೊಂದೂ ಒಡೆದಿರಲಿಲ್ಲ. ಗೇಟಿನ ಖಾಲಿ ಕಾಟಾದಿಂದ ಸೊನ್ನೆ ಬಂತು. ಏನೂ ಮುರಿಯಲಿಲ್ಲ. ಅವನು ಇಲ್ಲದೆ ಎಲ್ಲವೂ ತನ್ನಷ್ಟಕ್ಕೆ ತಾನು ಓಡಿತು. ಅದನ್ನು ನೋಡುತ್ತ ನೋಡುತ್ತ, ಹೆರಿಗೆ ಕೋಣೆಯ ಹೊರಗೆ ನಿಂತು ಒಳಗಿನ ಅಳು ಕೇಳಿದಾಗ ಆದಂಥದ್ದೇ ಒಂದು ಬೆಪ್ಪು ಸಂತೋಷ ಅವನನ್ನು ಹಿಡಿದುಕೊಂಡಿತು. ಎಷ್ಟು ಚೆಂದ ಬರೆದಿದ್ದಾಳೆ ಇದನ್ನು. ತಾನು ಈವರೆಗೆ ಒಮ್ಮೆಯೂ ಪೂರ್ತಿ ನೋಡಿರಲಿಲ್ಲ. ತನ್ನದೆಲ್ಲಿದೆ ಎಂದಷ್ಟೇ ನೋಡಿದ್ದ.

“ಎದ್ದಿತ್ರೋ! ಬರ್ರಿ, ಸಾಲ ಹಿಡೀರಿ!” ಎಂದು ಮಲ್ಲಿಕಸಾಬ ಅಂಗಳಕ್ಕೆ ಕೂಗಿದ.

ನೀಲಗಂಗವ್ವ ಪಾಸು ತೆಗೆದುಕೊಂಡು ಸೆರಗಿನ ತುದಿಗೆ ಗಂಟು ಹಾಕಿದಳು. “ಯಾರ್ ರಿಪೇರಿ ಮಾಡಿದ್ರವ್ವಾ?”

“ನಮ್ಮ ಅಪ್ಪಾಜಿ,” ಎಂದಳು ಶ್ವೇತಾ.

“ಇಲ್ಲ ಬಿಡಬೇ, ಕೆಡಿಸಿದಾಂವ ನಾನು,” ಎಂದ ಪ್ರಭುಲಿಂಗಪ್ಪ.

“ಆತು ಬಿಡ್ರಿ. ಎಲ್ಲೆ ಕೆಟ್ಟೈತಿ ಅನ್ನೂದು ಕೆಡಿಸಿದಾಂವಗ ಬಿಟ್ಟು ಮತ್ಯಾರಿಗೆ ಗೊತ್ತಾಗಬೇಕು?” ಎಂದು ಅವಳು ಹಮಾಲರನ್ನು ಕರೆಯುತ್ತ ಹೋದಳು.

ಪಾಸುಗಳ ಗದ್ದಲ ಒಂದಿಷ್ಟು ಇಳಿದ ಮೇಲೆ ಶ್ವೇತಾ ಕುರ್ಚಿ ತಿರುಗಿಸಿ ಅವನೆದುರು ಕೂತಳು. “ಮುಂಜಾನೆ ಬಂದ ಕೂಡ್ಲೆ ಗೊತ್ತಾಗಿತ್ತಲ್ರಿ ನಿಮಗ?”

“ಹೂಂ.”

“ಯಾಕ ಹೇಳ್ಲಿಲ್ಲ?”

ಅವನು ಅಂಗಿಯ ಗುಂಡಿ ಹಿಡಿದುಕೊಂಡ.

“ಹೋಗ್ಲಿ ಬಿಡ್ರಿ,” ಎಂದಳು ಅವಳು. “ನಾನೂ ಹೇಳಿದ್ದಿಲ್ಲಲ್ಲ.”

ಇಬ್ಬರೂ ನಕ್ಕರು. ಅವಳ ನಗು ಈ ಸಲ ಎಲ್ಲಿಯವರೆಗೆ ಹೋಯಿತೆಂದು ನೋಡಲು ಅವನು ಹಿಂದೆ ಕೂತಿರಲಿಲ್ಲ. ಅವಳು ಲ್ಯಾಪ್‌ಟಾಪಿನ ತಂತಿ ಸುತ್ತತೊಡಗಿದಳು.

“ಅದರಾಗೂ ಒಂದ ಬುತ್ತಿ ಐತಲ್ಲ,” ಎಂದ ಅವನು ಗಲ್ಲ ಎತ್ತಿ ತೋರಿಸಿ. “ಅಲ್ಲೂ ತಗದ ಬಿಡು. ಮುಂದ ಮತ್ತ ಎಲ್ಲೆರ ತ್ರಾಸ ಕೊಟ್ಟೀತು.”

“ಬ್ಯಾರೆ ಕಡೆ ಇಡ್ತೇನ್ರಿ. ಯಾರಿಗೂ ತ್ರಾಸಿಲ್ಲ.”

“ಯಾತಕ್ಕವಾ, ಯಾರೂ ಕರೀದ್ದು? ತಗಿ ಅಂದ್ರ ತಗಿ.”

“ಇದು ನನ್ನ ಲ್ಯಾಪ್‌ಟಾಪ್ ಐತ್ರಿ ಅಪ್ಪಾಜಿ,” ಎಂದು ಶ್ವೇತಾ ಅದನ್ನು ಮುಚ್ಚಿ ಚೀಲಕ್ಕೆ ಹಾಕಿಕೊಂಡಳು. ಆಮೇಲೆ ಬಾಗಿಲನ್ನು ಬೆನ್ನಿಂದ ಒತ್ತಿ ಹಿಡಿದು, ಅವನು ಎದ್ದು ಬರುವವರೆಗೆ ಬಿಸಿಲಿನಲ್ಲಿ ನಿಂತಳು.